ಊರಿನ ಕಷ್ಟದ ಮಾತನ್ನು ಕೂಡಿ ಆಡುವ ಬಗೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಿಗೆ ಸೇರಿದ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಜುಲೈ 15ರಂದು ಪ್ರಕಟಿಸಿದರು. ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತಿದ್ದ ರೈತರಿಗೆ ಅದು ದೊಡ್ಡ ಗೆಲುವು. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ತಾವಾಗಿಯೇ ಭೂಮಿ ಕೊಡಲು ಮುಂದೆ ಬರುವವರಿಂದ ಸರ್ಕಾರ ಅದನ್ನು ಪಡೆದುಕೊಳ್ಳುತ್ತದೆ. ಅಂದರೆ ಕೊಡುತ್ತೇವೆ ಎನ್ನುವವರೂ ಸತ್ತರೂ ಕೊಡೆವು ಎನ್ನುವವರೂ ಅವೇ ಊರುಗಳಲ್ಲಿ ಇದ್ದಾರೆ. ಅವರ ಹೊಲಗಳ ಬದುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸರ್ಕಾರದ ಜೊತೆಗಿನ ವ್ಯಾಜ್ಯ ಮುಗಿದ ಮೇಲೂ ಊರಿನ ಒಳಗಿನ ಮಾತು ಉಳಿದೇ ಇರುತ್ತದೆ, ಮತ್ತು ಆ ಮಾತನ್ನು ಆಡುವುದು ಧರಣಿ ಕೂರುವುದಕ್ಕಿಂತ ಸುಲಭವೇನಲ್ಲ.

ಬೆಂಗಳೂರಿನ ಸುತ್ತಲಿನ ಹಳ್ಳಿಗಳಿಗೆ ಇಂಥ ಮಾತುಗಳ ಕೊರತೆ ಇಲ್ಲ. ನಗರ ತನಗೆ ಬೇಕಾದ ಭೂಮಿಯನ್ನೂ ರಸ್ತೆಯನ್ನೂ ಇಲ್ಲಿಂದ ಪಡೆಯುತ್ತದೆ. ತನಗೆ ಬೇಡವಾದ ಕಸವನ್ನೂ ಕೊಳಚೆಯನ್ನೂ ಇಲ್ಲಿಗೇ ಕಳುಹಿಸುತ್ತದೆ. ಮಾವಳ್ಳಿಪುರದ ಕಸದ ಗುಡ್ಡ 2012ರಲ್ಲಿ ಮುಚ್ಚಿತು. ಮಂಡೂರಿಗೆ ಹೋಗುತ್ತಿದ್ದ ಲಾರಿಗಳು ಊರವರ ಹೋರಾಟದ ನಂತರ 2014ರ ಡಿಸೆಂಬರ್ 1ರಿಂದ ನಿಂತವು. ಹೊರವರ್ತುಲ ರಸ್ತೆಯ ಆಚೆಗೆ ಯೋಜಿಸಿದ ಪೆರಿಫೆರಲ್ ರಿಂಗ್ ರಸ್ತೆಗೆ 2005ರಲ್ಲಿ ಅಧಿಸೂಚನೆ ಬಿದ್ದ ಜಮೀನಿನ ಒಡೆಯರು ಮಾರಲೂ ಆಗದೆ ಮನೆ ಕಟ್ಟಲೂ ಆಗದೆ ವರ್ಷಗಟ್ಟಲೆ ಕಾದರು. ಈ ಪ್ರತಿಯೊಂದು ಸಂಗತಿಯನ್ನೂ ಪತ್ರಿಕೆಗಳು ‘ಗ್ರಾಮಸ್ಥರ ವಿರೋಧ’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುತ್ತವೆ. ಆದರೆ ಗ್ರಾಮಸ್ಥರು ಒಂದೇ ದನಿಯವರಲ್ಲ. ಅವರನ್ನು ಒಂದೇ ದನಿಯವರೆಂದು ಬಗೆದು ಕರೆದ ಸಭೆಗಳು ಮೊದಲ ಅರ್ಧ ಗಂಟೆಯಲ್ಲೇ ಮುರಿದುಬೀಳುತ್ತವೆ.

ನಗರದ ಬಡಾವಣೆಯೊಂದರಲ್ಲಿ ಮೇಲ್ಸೇತುವೆ ಬೇಕೇ ಬೇಡವೇ ಎಂದು ಸಭೆ ನಡೆದರೆ, ಅಲ್ಲಿ ಎದುರಾಡಿದವರ ಮುಖವನ್ನು ಮರುದಿನ ನೋಡಲೇಬೇಕೆಂಬ ಕಟ್ಟು ಯಾರಿಗೂ ಇಲ್ಲ. ಹಳ್ಳಿಯಲ್ಲಿ ಹಾಗಲ್ಲ. ಸಭೆಯಲ್ಲಿ ಎದುರು ಕೂತವರು ಕೆಲವೊಮ್ಮೆ ದೊಡ್ಡಪ್ಪನ ಮಗನಾಗಿರುತ್ತಾರೆ, ಮಗಳ ಮದುವೆಗೆ ಕೈಸಾಲ ಕೊಟ್ಟವರಾಗಿರುತ್ತಾರೆ, ಸುಗ್ಗಿಯಲ್ಲಿ ಕೂಲಿಗೆ ಕರೆಯುವವರಾಗಿರುತ್ತಾರೆ, ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ಅಳೆಯುವವರಾಗಿರುತ್ತಾರೆ. ಇವೆಲ್ಲವೂ ಒಬ್ಬರೇ ಆಗಿರುವುದೂ ಉಂಟು. ಅವರ ವಿರುದ್ಧ ನಾಲ್ಕು ಜನರ ಮುಂದೆ ಆಡಿದ ಒಂದು ಮಾತಿನ ಬೆಲೆ ಅಂದೇ ತಿಳಿಯುವುದಿಲ್ಲ, ಮುಂದಿನ ಬೆಳೆಯ ಹೊತ್ತಿಗೆ ತಿಳಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಹಳ್ಳಿಯವರು ಬರಿಯ ನೀತಿಯಾಗಿ ಕೇಳುವುದಿಲ್ಲ, ಲೆಕ್ಕವಾಗಿ ಕೇಳುತ್ತಾರೆ. ಆದ್ದರಿಂದ ಸಭೆಯಲ್ಲಿ ಯಾರಾದರೂ ಸುಮ್ಮನಿದ್ದರೆ ಅವರಿಗೆ ಅಭಿಪ್ರಾಯವಿಲ್ಲ ಎಂದಾಗಲಿ, ಒಪ್ಪಿಗೆ ಇದೆ ಎಂದಾಗಲಿ ತಿಳಿಯಬಾರದು.

ಇಂಥ ಚರ್ಚೆಯ ಗುರಿ ಒಮ್ಮತ ಎಂದು ಭಾವಿಸಿ ಹೊರಡುವುದು ಮೊದಲ ತಪ್ಪೆಂದು ನನಗೆ ತೋರುತ್ತದೆ. ಒಮ್ಮತವನ್ನು ಗುರಿಯಾಗಿಸಿಕೊಂಡ ಕೂಡಲೇ ಭಿನ್ನವಾಗಿ ಮಾತಾಡುವವರು ಊರಿನ ಒಗ್ಗಟ್ಟನ್ನು ಒಡೆಯುವವರಂತೆ ಕಾಣತೊಡಗುತ್ತಾರೆ, ಮತ್ತು ಸಭೆಯ ಇಡೀ ಒತ್ತಡ ಅವರ ಮೇಲೆ ಬೀಳುತ್ತದೆ. ಅದರ ಬದಲು, ಭೇದ ಎಲ್ಲಿದೆ, ಯಾರ ನಡುವೆ ಇದೆ, ಯಾವ ಕಾರಣಕ್ಕೆ ಇದೆ ಎಂಬುದನ್ನು ಊರು ತಾನೇ ನಿಖರವಾಗಿ ತಿಳಿದುಕೊಳ್ಳುವುದು ಗುರಿಯಾದರೆ, ಅದೇ ಭಿನ್ನ ಮಾತು ಸಭೆಗೆ ಬೇಕಾದ ಮಾಹಿತಿಯಾಗುತ್ತದೆ. ಒಪ್ಪಂದ ಸಾಧ್ಯವಿರುವ ಕಡೆ ಅದು ಆಮೇಲೆ ತಾನಾಗಿ ಬರುತ್ತದೆ. ಸಾಧ್ಯವಿಲ್ಲದ ಕಡೆ ಕನಿಷ್ಠ ಪಕ್ಷ ಹೊರಗಿನವರು ಆ ಬಿರುಕನ್ನು ಬಳಸಿಕೊಳ್ಳುವುದು ಕಷ್ಟವಾಗುತ್ತದೆ.

ಮಾತಾಡುವುದಕ್ಕೆ ಕಾನೂನಿನ ವೇದಿಕೆಗಳು ಈಗಾಗಲೇ ಇವೆಯಲ್ಲ ಎಂದು ಕೇಳಬಹುದು. ಖಂಡಿತ ಇವೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು; ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಡಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ಅದಕ್ಕೂ ಮೊದಲು ಪ್ರತಿ ಕ್ಷೇತ್ರದಲ್ಲಿ ವಾರ್ಡ್ ಸಭೆ ನಡೆಯಬೇಕು. ಗ್ರಾಮಸಭೆಗೆ ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿರಬೇಕು, ಅವರಲ್ಲಿ ಶೇ. 30ರಷ್ಟಾದರೂ ಮಹಿಳೆಯರಿರಬೇಕು. ನಿಗದಿತ ಸಭೆಗಾಗಿ ಕಾಯಲಾಗದ ವಿಷಯವಿದ್ದರೆ, ಸದಸ್ಯರಲ್ಲಿ ಹತ್ತನೇ ಒಂದು ಭಾಗ ಜನ ವಿಷಯವನ್ನು ನಮೂದಿಸಿ ಬೇಡಿಕೆ ಸಲ್ಲಿಸಿ ವಿಶೇಷ ಗ್ರಾಮಸಭೆಯನ್ನು ಕರೆಸಿಕೊಳ್ಳುವ ಅವಕಾಶವೂ ಇದೆ. ಬಹಳಷ್ಟು ಊರುಗಳಲ್ಲಿ ಇದು ತಿಳಿದಿಲ್ಲ. ಗಣಿ, ಕಾರ್ಖಾನೆ, ಕಸ ವಿಲೇವಾರಿ ಘಟಕಗಳಂಥ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಬೇರೆಯೇ ಇದೆ. ಅದಕ್ಕೆ ಕನಿಷ್ಠ 30 ದಿನ ಮೊದಲು ತಿಳಿವಳಿಕೆ ಕೊಡಬೇಕು, ಆದರೆ ಇಷ್ಟು ಜನ ಸೇರಲೇಬೇಕೆಂಬ ಕೋರಂ ನಿಯಮ ಅದಕ್ಕಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ, ಖಾಸಗಿ ಕಂಪನಿಗಾಗಿ ಭೂಮಿ ಪಡೆಯುವಾಗ ಶೇ. 80ರಷ್ಟು ಕುಟುಂಬಗಳ ಒಪ್ಪಿಗೆಯನ್ನೂ ಕೇಳುತ್ತದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ದಾರಿಯಲ್ಲಿ ಭೂಮಿ ಪಡೆದರೆ ಆ ಎರಡೂ ಮೆಟ್ಟಿಲುಗಳು ಇರುವುದಿಲ್ಲ. ಯಾವ ಕಾಯ್ದೆಯಡಿ ನೋಟಿಸ್ ಬಂದಿದೆ ಎಂಬುದನ್ನು ಮೊದಲು ಓದಿಕೊಳ್ಳದೆ ನಡೆಸಿದ ಚರ್ಚೆ ಗಾಳಿಯಲ್ಲಿ ಗುದ್ದಾಡಿದಂತಾಗುತ್ತದೆ.

ಈ ವೇದಿಕೆಗಳೆಲ್ಲ ನಿರ್ಧಾರಕ್ಕಾಗಿ ರೂಪುಗೊಂಡಿವೆ. ಅಲ್ಲಿ ಅಧ್ಯಕ್ಷರಿರುತ್ತಾರೆ, ಅಧಿಕಾರಿಗಳಿರುತ್ತಾರೆ, ವಿಷಯಸೂಚಿ ಇರುತ್ತದೆ, ಮನೆ ಹಂಚಿಕೆಯ ಪಟ್ಟಿಯೂ ಚರಂಡಿಯ ಬಿಲ್ಲೂ ಅದೇ ದಿನ ಮುಗಿಯಬೇಕಿರುತ್ತದೆ. ಹದಿನೈದು ನಿಮಿಷದಲ್ಲಿ ಕೆರೆಯ ಭವಿಷ್ಯವನ್ನು ಕೈಯೆತ್ತಿ ತೀರ್ಮಾನಿಸಬೇಕಾಗಿ ಬಂದರೆ, ಯಾರ ಕೈ ಮೊದಲು ಮೇಲೇಳುತ್ತದೆಯೋ ಅದನ್ನು ನೋಡಿಕೊಂಡು ಉಳಿದವರು ಕೈಯೆತ್ತುತ್ತಾರೆ. ಇನ್ನೊಂದು ಮಿತಿಯೂ ಇದೆ: ಗ್ರಾಮಸಭೆಯ ಸದಸ್ಯರೆಂದರೆ ಅಲ್ಲಿನ ಮತದಾರರು. ಬಾಶೆಟ್ಟಿಹಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಸುತ್ತ, ದೂರದ ಜಿಲ್ಲೆಗಳಿಂದಲೂ ಬೇರೆ ರಾಜ್ಯಗಳಿಂದಲೂ ಬಂದು ಸಾಲು ಮನೆಗಳಲ್ಲಿ ಬಾಡಿಗೆಗೆ ಇರುವ ಕಾರ್ಮಿಕರು ಅದೇ ನೀರು ಕುಡಿಯುತ್ತಾರೆ, ಅದೇ ಗಾಳಿ ಸೇವಿಸುತ್ತಾರೆ, ಆದರೆ ಅವರ ಮತ ಬೇರೆ ಊರಿನಲ್ಲಿರುತ್ತದೆ. ಆದ್ದರಿಂದ ಗ್ರಾಮಸಭೆಯನ್ನು ಬಿಟ್ಟು ಹೋಗಬೇಕಾಗಿಲ್ಲ, ಅದಕ್ಕೆ ಮೊದಲು ಊರು ತನ್ನಷ್ಟಕ್ಕೆ ಮಾತಾಡಿಕೊಂಡಿರಬೇಕು. ಮಾತು ಒಂದು ದಿನ, ತೀರ್ಮಾನ ಇನ್ನೊಂದು ದಿನ. ಇವೆರಡರ ನಡುವೆ ಕೆಲವು ವಾರಗಳಾದರೂ ಇರಬೇಕು.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಊರನ್ನು ಊಹಿಸಿಕೊಳ್ಳೋಣ. ದೊಡ್ಡಬಳ್ಳಾಪುರದ ಕಡೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸುಮಾರು 300 ಮನೆಗಳ ಊರು. ಮೇಲಿನ ಹೊಲಗಳು ಬಡಾವಣೆಗಳಾಗಿವೆ, ಅವುಗಳ ಕೊಳಚೆ ನೀರು ಕಾಲುವೆ ಹಿಡಿದು ಊರ ಕೆರೆಗೆ ಬರುತ್ತಿದೆ. ಹೊರಗಿನಿಂದ ನೋಡುವವರಿಗೆ ಇದರಲ್ಲಿ ಚರ್ಚಿಸುವುದೇನೂ ಇಲ್ಲ: ಕೊಳಚೆ ಕೆಟ್ಟದ್ದು, ಅದನ್ನು ನಿಲ್ಲಿಸಬೇಕು. ಊರಿನ ಒಳಗೆ ಹೋಗಿ ಕೇಳಿದರೆ ಚಿತ್ರವೇ ಬೇರೆ. ಅಚ್ಚುಕಟ್ಟಿನ ರೈತನೊಬ್ಬನಿಗೆ ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಬೇಸಿಗೆಯಲ್ಲೂ ನೀರು ಸಿಕ್ಕಿದೆ, ಅವನು ಸೀಮೆಹುಲ್ಲು ಬೆಳೆದು ನಾಲ್ಕು ಹಸು ಕಟ್ಟಿದ್ದಾನೆ. ಕೆರೆ ಏರಿಯ ಕೆಳಗಿನ ಕಾಲೊನಿಯಲ್ಲಿ ಕೊಳವೆಬಾವಿಯ ನೀರು ವಾಸನೆ ಬರುತ್ತಿದೆ, ಮಕ್ಕಳಿಗೆ ಮೈಮೇಲೆ ಕಜ್ಜಿ ಎದ್ದಿದೆ. ಮೀನಿನ ಹರಾಜು ಹಿಡಿದವನು ಈ ವರ್ಷ ಬಂಡವಾಳ ಕಳೆದುಕೊಂಡಿದ್ದಾನೆ. ಮೇಲಿನ ಜಮೀನು ಮಾರಿದ ಕುಟುಂಬಕ್ಕೆ ಇನ್ನೂ ಎರಡು ಎಕರೆ ಮಾರುವುದಿದೆ, ಕೆರೆಯ ಗಲಾಟೆ ಪತ್ರಿಕೆಗೆ ಬಂದರೆ ದರ ಬೀಳುತ್ತದೆಂಬ ಭಯ ಅವರಿಗೆ. ನೀರಗಂಟಿಗೆ ಎಲ್ಲವೂ ಗೊತ್ತಿದೆ, ಆದರೆ ಅವನ ಸಂಬಳ ಪಂಚಾಯಿತಿಯಿಂದ ಬರುತ್ತದೆ. ಕೆರೆಯ ಅಂಗಳದ ಹುಲ್ಲಿಗೆ ಕುರಿ ಹೊಡೆಯುತ್ತಿದ್ದ ಇಬ್ಬರು ಮುದುಕರ ಮಾತನ್ನು ಯಾರೂ ಕೇಳಿಲ್ಲ.

ಸಭೆ ಮಾಡಲು ಹೊರಟವರು ಮೊದಲು ಮಾಡಬೇಕಾದ ಕೆಲಸ ಈ ಪಟ್ಟಿಯನ್ನು ತಯಾರಿಸುವುದು. ಯಾರು ಪರ, ಯಾರು ವಿರೋಧ ಎಂಬ ಪಟ್ಟಿಯಿಂದ ಪ್ರಯೋಜನ ಕಡಿಮೆ. ಈ ನೀರಿಗೂ ಯಾರ ಬದುಕಿಗೂ ಯಾವ ನಂಟಿದೆ ಎಂಬ ಪಟ್ಟಿ ಬೇಕು. ಅದನ್ನು ಮನೆಯಲ್ಲಿ ಕೂತು ಬರೆಯಲಾಗದು. ಮನೆಮನೆಗೆ ಹೋಗಬೇಕು, ಜಗುಲಿಯ ಮೇಲೆ ಕೂರಬೇಕು, ಕೊಟ್ಟ ಕಾಫಿಯನ್ನೋ ಮಜ್ಜಿಗೆಯನ್ನೋ ಕುಡಿಯಬೇಕು. ಯಾರ ಮನೆಯಲ್ಲಿ ಕುಡಿದಿರಿ, ಯಾರ ಮನೆಯಲ್ಲಿ ಕುಡಿಯಲಿಲ್ಲ ಎಂಬುದನ್ನು ಊರು ಗಮನಿಸುತ್ತಿರುತ್ತದೆ ಎಂಬುದನ್ನೂ ನೆನಪಿಡಬೇಕು. ಗೌಡರ ಮನೆಯಿಂದ ಆರಂಭಿಸಿ ಕಾಲೊನಿಗೆ ಕೊನೆಯಲ್ಲಿ ಹೋದರೆ ಸಭೆ ಯಾರದ್ದೆಂದು ಅಂದೇ ತೀರ್ಮಾನವಾಗಿಬಿಡುತ್ತದೆ. ಹಾಗೆಂದು ಊರಿನ ಯಜಮಾನರನ್ನು ಬಿಟ್ಟು ನಡೆದರೂ ಕೆಲಸ ಕೆಡುತ್ತದೆ. ‘ನಮ್ಮನ್ನು ಒಂದು ಮಾತು ಕೇಳಲಿಲ್ಲ’ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಕೆಲಸವನ್ನು ವಿರೋಧಿಸಿದವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಒಂದೇ ದಿನದಲ್ಲಿ ಎರಡೂ ಕಡೆ ಹೋಗಿಬರುವುದು ನನಗೆ ತಿಳಿದ ಮಟ್ಟಿಗೆ ಒಳ್ಳೆಯ ಉಪಾಯ.

ಈ ಭೇಟಿಗಳಲ್ಲಿ ಕೇಳುವ ಪ್ರಶ್ನೆ ಅಭಿಪ್ರಾಯದ್ದಾಗಿರಬಾರದು. ‘ಕೆರೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದರೆ, ‘ನಮ್ದೇನೈತಪ್ಪ, ಊರವ್ರು ಹೆಂಗಂದ್ರೆ ಹಂಗೆ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ‘ಅಜ್ಜಿ, ನೀವು ಕೆರೆಯಲ್ಲಿ ಬಟ್ಟೆ ಒಗೆಯುವುದನ್ನು ಯಾವಾಗ ಬಿಟ್ಟಿರಿ?’ ಎಂದು ಕೇಳಿದರೆ ಅರ್ಧ ಗಂಟೆಯ ಕಥೆ ಸಿಗುತ್ತದೆ. ಆ ಕಥೆಯಲ್ಲಿ ನೀರು ಯಾವ ವರ್ಷ ಬಣ್ಣ ಬದಲಾಯಿಸಿತು, ಯಾರು ಅದನ್ನು ಮೊದಲು ಕಂಡರು, ಯಾರಿಗೆ ಹೇಳಿದರು, ಏನಾಯಿತು ಎಂಬುದೆಲ್ಲ ಇರುತ್ತದೆ. ಅನುಭವವನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಅಭಿಪ್ರಾಯ ಹೇಳುವುದಕ್ಕೆ ಹಳ್ಳಿಯಲ್ಲಿ ಒಂದು ಸ್ಥಾನ ಬೇಕಾಗುತ್ತದೆ. ಕಷ್ಟದ ಚರ್ಚೆಗಳನ್ನು ನಡೆಸುವವರು ಕಲಿಯಬೇಕಾದ ಮುಖ್ಯ ವಿದ್ಯೆ ಇದೇ ಎಂದು ನಾನು ನಂಬುತ್ತೇನೆ.

ಸಭೆಗೆ ಇಡುವ ಹೆಸರಿನ ಬಗ್ಗೆ ಎರಡು ಮಾತು. ‘ಕೆರೆ ಉಳಿಸಿ ಸಭೆ’ ಎಂದು ಕರಪತ್ರ ಅಚ್ಚಾದರೆ, ಸೀಮೆಹುಲ್ಲು ಬೆಳೆದವನು ತಾನು ಕೆರೆ ಹಾಳುಮಾಡುವವನೆಂದು ಮೊದಲೇ ತೀರ್ಪಾಗಿದೆ ಎಂದುಕೊಳ್ಳುತ್ತಾನೆ, ಬರುವುದಿಲ್ಲ. ಬಂದರೂ ಜಗಳಕ್ಕೆ ಸಿದ್ಧನಾಗಿ ಬರುತ್ತಾನೆ. ‘ನಮ್ಮ ಕೆರೆಗೆ ಈಗ ಬರುತ್ತಿರುವ ನೀರನ್ನು ಏನು ಮಾಡೋಣ?’ ಎಂದು ಕೇಳಿದರೆ ಅವನಿಗೂ ಹೇಳಲು ಮಾತಿರುತ್ತದೆ. ಪ್ರಶ್ನೆಯೊಳಗೆ ಉತ್ತರ ಅಡಗಿರಬಾರದು ಎಂಬುದು ಇಷ್ಟೇ ಸರಳವಾದ ಸಂಗತಿ, ಆದರೂ ತಪ್ಪುವುದು ಇಲ್ಲಿಯೇ ಹೆಚ್ಚು.

ಇನ್ನು ಸತ್ಯಾಂಶಗಳ ವಿಷಯ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆಯಿಂದ ಇದನ್ನು ಚೆನ್ನಾಗಿ ಕಲಿಯಬಹುದು. ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸುವ ಗುರಿಯ ಆ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡಿತು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬತ್ತಿಹೋಗಿದ್ದ ಕೊಳವೆಬಾವಿಗಳಲ್ಲಿ ನೀರು ಬಂದದ್ದನ್ನು ಕಂಡ ರೈತರು ಒಂದು ಕಡೆ, ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಅಂತರ್ಜಲಕ್ಕೆ ಸೇರಿದರೆ ಮುಂದೇನು ಎಂದು ಮೂರನೇ ಹಂತದ ಶುದ್ಧೀಕರಣಕ್ಕೆ ಒತ್ತಾಯಿಸಿದವರು ಇನ್ನೊಂದು ಕಡೆ. ಇಬ್ಬರೂ ನೀರಿನ ಬಗ್ಗೆಯೇ ಮಾತಾಡುತ್ತಿದ್ದರು, ಆದರೆ ಒಬ್ಬರ ಪ್ರಶ್ನೆ ನೀರು ಎಷ್ಟು ಎಂಬುದು, ಇನ್ನೊಬ್ಬರ ಪ್ರಶ್ನೆ ನೀರು ಎಂಥದ್ದು ಎಂಬುದು. ಒಂದೇ ಸಭೆಯಲ್ಲಿ ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸದೆ ಬಿಟ್ಟರೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಸುಳ್ಳಾಗಿ ಕೇಳುತ್ತದೆ. ಬರದಿಂದ ಬೆಂದವರನ್ನು ದುರಾಸೆಯವರೆಂದೂ, ವಿಷದ ಬಗ್ಗೆ ಎಚ್ಚರಿಸಿದವರನ್ನು ಅಭಿವೃದ್ಧಿ ವಿರೋಧಿಗಳೆಂದೂ ಕರೆಯುವುದು ಶುರುವಾಗುತ್ತದೆ.

ನಮ್ಮ ಊಹೆಯ ಊರಿನಲ್ಲೂ ಹಾಗೆಯೇ. ನೀರು ಎಂಥದ್ದು ಎಂಬುದನ್ನು ಗಂಟಲಿನ ಬಲದಿಂದ ತೀರ್ಮಾನಿಸುವಂತಿಲ್ಲ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿದ ಮಿತಿಯ ಪ್ರಕಾರ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕೊಳಚೆ ಇಂಗಿದ ಕಡೆ ಕೊಳವೆಬಾವಿಗಳಲ್ಲಿ ಮೊದಲು ಏರುವುದು ಬಹಳ ಸಲ ಇದೇ. ಮಾದರಿಯನ್ನು ಯಾವ ಬಾವಿಯಿಂದ ತೆಗೆಯಬೇಕೆಂಬುದನ್ನು ಹುಲ್ಲು ಬೆಳೆದವನೂ ಕಾಲೊನಿಯವರೂ ಒಟ್ಟಿಗೆ ಸೇರಿ ತೀರ್ಮಾನಿಸಿ, ಬಾಟಲಿ ತುಂಬುವಾಗ ಇಬ್ಬರ ಕಡೆಯವರೂ ಎದುರಿಗಿರಬೇಕು. ಆಗ ಬಂದ ವರದಿಯನ್ನು ‘ಅದು ಅವರು ಮಾಡಿಸಿದ್ದು’ ಎಂದು ತಳ್ಳಿಹಾಕಲು ಯಾರಿಗೂ ಆಗುವುದಿಲ್ಲ. ಬಡಾವಣೆಗೆ ಯಾರು ಅನುಮೋದನೆ ಕೊಟ್ಟರು, ಅದರಲ್ಲಿ ಶುದ್ಧೀಕರಣ ಘಟಕದ ಷರತ್ತು ಇತ್ತೇ ಎಂಬುದು ಕಡತದ ಪ್ರಶ್ನೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಆದ್ದರಿಂದ ಸಭೆಯ ದಿನಾಂಕ ಗೊತ್ತುಪಡಿಸುವ ಮೊದಲೇ ಅರ್ಜಿ ಹೋಗಿರಬೇಕು. ಕೆರೆಯ ಗಡಿಗೆ ಗ್ರಾಮನಕ್ಷೆ, ಜಮೀನಿಗೆ ಪಹಣಿ. ಇವು ಕೈಯಲ್ಲಿದ್ದರೆ ಅರ್ಧ ಜಗಳ ತಾನಾಗಿಯೇ ಇಳಿಯುತ್ತದೆ, ಉಳಿದರ್ಧ ನಿಜವಾದ ಜಗಳ.

ಆ ನಿಜವಾದ ಜಗಳವನ್ನು ಯಾವ ವರದಿಯೂ ಬಗೆಹರಿಸುವುದಿಲ್ಲ. ಕಾಲೊನಿಯ ಬಾವಿ ಕೆಟ್ಟಿದೆ ಎಂದು ಎಲ್ಲರೂ ಒಪ್ಪಿದ ಮೇಲೂ, ಅದಕ್ಕಾಗಿ ಕೆರೆಗೆ ಬರುವ ನೀರನ್ನು ತಿರುಗಿಸಿದರೆ ನಾಲ್ಕು ಹಸುಗಳ ಮೇವಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಸಭೆ ಇರುವುದು ಇದಕ್ಕಾಗಿ.

ಹೊತ್ತು ಮತ್ತು ಜಾಗದ ಆಯ್ಕೆಯನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಕೂಲಿಯವರೂ ಕಾರ್ಖಾನೆಗೆ ಹೋಗುವವರೂ ಬರಲಾರರು; ಬಂದರೆ ಆ ದಿನದ ಸಂಬಳ ಹೋಗುತ್ತದೆ. ಸಂಜೆಯಾದರೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು, ಆ ಕೆಲಸದ ಬಹುಪಾಲು ಹೆಂಗಸರದ್ದು. ರಾತ್ರಿ ಎಂಟಕ್ಕಾದರೆ ಗಂಡಸರು ತುಂಬುತ್ತಾರೆ, ಹೆಂಗಸರು ಮುದ್ದೆಗೆ ಎಸರಿಟ್ಟಿರುತ್ತಾರೆ, ಕುಡಿದು ಬರುವವರೂ ಇಬ್ಬರು ಇರುತ್ತಾರೆ. ಒಂದೇ ಸಭೆಗೆ ಎಲ್ಲರೂ ಬರುವ ಹೊತ್ತು ಇಲ್ಲವೆಂಬುದನ್ನು ಒಪ್ಪಿಕೊಂಡು, ಮೂರು ನಾಲ್ಕು ಚಿಕ್ಕ ಕೂಟಗಳನ್ನು ನಡೆಸಿ ಆಮೇಲೆ ದೊಡ್ಡ ಸಭೆಗೆ ಬರುವುದು ಸರಿಯಾದ ಕ್ರಮ. ಸ್ತ್ರೀಶಕ್ತಿ ಸಂಘದ ವಾರದ ಕೂಟ ಹೇಗೂ ನಡೆಯುತ್ತದೆ, ಅಲ್ಲಿ ಅರ್ಧ ಗಂಟೆ ಕೇಳಬಹುದು. ಬಾಡಿಗೆ ಮನೆಗಳ ಕಾರ್ಮಿಕರು ಭಾನುವಾರ ಸಿಗುತ್ತಾರೆ. ಮಕ್ಕಳ ಗ್ರಾಮಸಭೆಯನ್ನು ಕರ್ನಾಟಕದ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುತ್ತವೆ. ಶಾಲೆಗೆ ಹೋಗುವ ದಾರಿಯಲ್ಲಿ ಕಾಲುವೆ ದಾಟುವ ಮಕ್ಕಳಿಗೆ ಯಾವ ಹೊತ್ತಿನಲ್ಲಿ ನೀರು ಕಪ್ಪಾಗುತ್ತದೆ ಎಂಬುದು ದೊಡ್ಡವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಜಾಗ ಇನ್ನೂ ಸೂಕ್ಷ್ಮ. ಅರಳಿಕಟ್ಟೆ ನೋಡಲು ಸುಂದರ, ಆದರೆ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಕೆಳಗೆ ಯಾರು ನಿಲ್ಲುತ್ತಾರೆ ಎಂಬುದು ಎಷ್ಟೋ ಊರುಗಳಲ್ಲಿ ಜಾತಿಯಿಂದ ಇಂದಿಗೂ ತೀರ್ಮಾನವಾಗಿರುತ್ತದೆ. ದೇವಸ್ಥಾನದ ಅಂಗಳದಲ್ಲಿ ಸಭೆ ಇಟ್ಟರೆ ದಲಿತರಿಗೆ ಬಾಗಿಲಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಸರ್ಕಾರಿ ಶಾಲೆಯ ಅಂಗಳ, ಅಂಗನವಾಡಿ, ಡೇರಿಯ ಮುಂದಿನ ಬಯಲು, ಇವು ಎಲ್ಲರೂ ಕಾಲಿಡುವ ಜಾಗಗಳು. ಎಲ್ಲರೂ ಒಂದೇ ಎತ್ತರದಲ್ಲಿ, ಚಾಪೆಯಾದರೆ ಎಲ್ಲರೂ ಚಾಪೆಯ ಮೇಲೆ, ಕುರ್ಚಿಯಾದರೆ ಎಲ್ಲರಿಗೂ ಕುರ್ಚಿ. ನಾಲ್ಕು ಕುರ್ಚಿ ತಂದಿಟ್ಟು ನೂರು ಜನರನ್ನು ನೆಲದ ಮೇಲೆ ಕೂರಿಸಿದ ಮೇಲೆ ಮುಕ್ತ ಚರ್ಚೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಸಭೆ ನಡೆಸುವವರು ಯಾರಾಗಿರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬೆಂಗಳೂರಿನಿಂದ ಹೋದವರಿಗೆ ಊರಿನ ಹಂಗಿಲ್ಲ ಎಂಬ ಅನುಕೂಲವಿದೆ, ಊರಿನ ಒಳಸುಳಿ ಗೊತ್ತಿಲ್ಲ ಎಂಬ ಅನನುಕೂಲವೂ ಇದೆ. ಅವರು ರಾತ್ರಿಗೆ ವಾಪಸು ಹೋಗುತ್ತಾರೆ, ಮಾತಾಡಿದವರು ಅಲ್ಲೇ ಉಳಿಯುತ್ತಾರೆ. ಊರಿನವರೇ ನಡೆಸಿದರೆ ಅವರ ಕುಲ, ಅವರ ಪಕ್ಷ, ಅವರ ಜಮೀನು ಎಲ್ಲರಿಗೂ ಗೊತ್ತಿರುತ್ತದೆ. ಇಬ್ಬರು ಜೊತೆಯಾಗಿ ನಡೆಸುವುದು, ಒಬ್ಬರು ಆ ಊರಿನ ಶಿಕ್ಷಕಿಯೋ ಆಶಾ ಕಾರ್ಯಕರ್ತೆಯೋ ಆಗಿದ್ದು ಇನ್ನೊಬ್ಬರು ಪಕ್ಕದ ಹೋಬಳಿಯವರಾಗಿರುವುದು, ಬಹಳಷ್ಟು ಕಡೆ ಹೊಂದುತ್ತದೆ. ರಾಜಕೀಯ ಪಕ್ಷದ ಮುಖಂಡರನ್ನು ಕರೆಯಬೇಕೇ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ: ಕರೆಯಬೇಕು, ಎಲ್ಲ ಪಕ್ಷದವರನ್ನೂ ಕರೆಯಬೇಕು, ಆದರೆ ಕೇಳಲು ಕರೆಯಬೇಕು. ಭಾಷಣವಿಲ್ಲ ಎಂಬುದನ್ನು ಕರೆಯುವಾಗಲೇ ವಿನಯದಿಂದ ತಿಳಿಸಿಬಿಡಬೇಕು.

ಸಭೆಯೊಳಗೆ ಮಾತಿನ ಸರದಿಯೇ ಅರ್ಧ ಫಲಿತಾಂಶ. ರೂಢಿಯಂತೆ ಯಜಮಾನರು ಮೊದಲು ಮಾತಾಡಿದರೆ ಆಮೇಲಿನವರೆಲ್ಲ ಅದಕ್ಕೆ ತಲೆದೂಗುವ ಕೆಲಸ ಮಾತ್ರ ಮಾಡುತ್ತಾರೆ. ‘ಗೌಡ್ರೇ, ಎಲ್ಲರದ್ದೂ ಕೇಳಿಸಿಕೊಂಡು ಕೊನೆಗೆ ತಾವು ಹೇಳಬೇಕು’ ಎಂದು ಮೊದಲೇ ಮನೆಗೆ ಹೋಗಿ ಕೇಳಿಕೊಂಡರೆ ಅವರ ಗೌರವವೂ ಉಳಿಯುತ್ತದೆ, ಉಳಿದವರಿಗೆ ಬಾಯಿಯೂ ಬರುತ್ತದೆ. ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದರೂ ಸದಸ್ಯೆಯ ಗಂಡನೇ ಎದ್ದು ನಿಂತು ಮಾತಾಡುವುದನ್ನು ಯಾರು ನೋಡಿಲ್ಲ? ಅಂಥಲ್ಲಿ ಗಂಡನನ್ನು ಎಲ್ಲರೆದುರು ತಡೆದರೆ ಅವಮಾನದ ಫಲವನ್ನು ಮನೆಯಲ್ಲಿ ಆಕೆ ಉಣ್ಣಬೇಕಾಗುತ್ತದೆ. ಹೆಂಗಸರದ್ದೇ ಬೇರೆ ಗುಂಪು ಮಾಡಿ ಕೂರಿಸಿ, ಆ ಗುಂಪಿನ ಮಾತನ್ನು ಅವರಲ್ಲೊಬ್ಬರಿಂದ ಹೇಳಿಸುವುದು ಹೆಚ್ಚು ಕ್ಷೇಮ. ಹೆಸರು ಹೇಳದೆ ಹೇಳಬೇಕಾದ ಮಾತುಗಳಿಗೆ ಚೀಟಿ ಹಾಕುವ ಡಬ್ಬ ಇಡಬಹುದು, ಆದರೆ ಕೈಬರಹ ಗುರುತಾಗುತ್ತದೆ, ಓದು ಬಾರದವರಿಗೆ ಅದು ಉಪಯೋಗಕ್ಕೂ ಬಾರದು. ಅದಕ್ಕಿಂತ, ಮನೆಮನೆಯ ಭೇಟಿಯಲ್ಲಿ ಕೇಳಿದ್ದನ್ನು ನಡೆಸುವವರೇ ‘ಕೆಲವರು ಹೀಗೆ ಹೇಳಿದರು’ ಎಂದು ಸಭೆಯ ಮುಂದಿಡುವುದು ಉತ್ತಮ. ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್‌ಗೆ ಹಾಕುವುದನ್ನು ಆ ಒಂದು ಸಂಜೆಗಾದರೂ ನಿಲ್ಲಿಸಿಕೊಳ್ಳಬೇಕು. ಸಂದರ್ಭದಿಂದ ಕತ್ತರಿಸಿದ ಮೂವತ್ತು ಸೆಕೆಂಡಿನ ಮಾತು ಮಾಡುವ ಗಾಯ ಮಾಯಲು ವರ್ಷ ಹಿಡಿಯುತ್ತದೆ.

ಸಭೆಯನ್ನು ಮಾಡಲೇಬಾರದ ಸಂದರ್ಭಗಳೂ ಇವೆ, ಇದನ್ನು ಒತ್ತಿ ಹೇಳಬೇಕು. ಬೇರೆ ಜಾತಿಯವರನ್ನು ಮದುವೆಯಾದ ಜೋಡಿಯ ವಿಷಯ, ಹೆಣ್ಣುಮಗಳ ಮೇಲಿನ ದೌರ್ಜನ್ಯ, ದಲಿತರಿಗೆ ನೀರು ಅಥವಾ ಕ್ಷೌರ ನಿರಾಕರಿಸಿದ ಸಂಗತಿ, ಇವು ಊರು ಕೂತು ಚರ್ಚಿಸಿ ರಾಜಿ ಮಾಡುವ ವಿಷಯಗಳಲ್ಲ, ಕಾನೂನಿನ ವಿಷಯಗಳು. ವಯಸ್ಕರಿಬ್ಬರ ಮದುವೆಯಲ್ಲಿ ಇಂಥ ಕೂಟಗಳು ಕೈಹಾಕುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ಆದ, 2016ರ ಜನವರಿ 26ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು ಮಾತ್ರವಲ್ಲ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ. ಕೂಡಿ ಮಾತಾಡುವುದು ಎಂಬ ಒಳ್ಳೆಯ ಹೆಸರಿನಲ್ಲಿ ಊರ ನ್ಯಾಯ ನಡೆದು ದಂಡ ವಿಧಿಸುವಂತಾದರೆ, ಅಂಥ ಸಭೆಗೆ ನೆರವಾದವರೂ ತಪ್ಪಿತಸ್ಥರೇ. ಕೆರೆಯ ಚರ್ಚೆಯಲ್ಲೂ ಇದರ ನೆರಳು ಬೀಳಬಹುದು: ದೂರು ಕೊಟ್ಟ ಕಾಲೊನಿಯವರನ್ನು ಕೂಲಿಗೆ ಕರೆಯುವುದು ನಿಂತರೆ, ಮುಂದಿನ ಕೂಟಕ್ಕಿಂತ ಮೊದಲು ಆ ವಿಷಯವನ್ನು ಕೈಗೆತ್ತಿಕೊಳ್ಳಬೇಕು. ಅಗತ್ಯ ಬಿದ್ದರೆ ಚರ್ಚೆಯನ್ನೇ ನಿಲ್ಲಿಸಬೇಕು.

ಕೊನೆಯ ಕೆಲಸ ಬರೆದಿಡುವುದು, ಮತ್ತು ಎಲ್ಲರೂ ದಣಿದಿರುವಾಗ ಬರುವ ಕೆಲಸವಾದ್ದರಿಂದ ಬಹುತೇಕ ಕೆಡುವುದೂ ಇಲ್ಲಿಯೇ. ನಮ್ಮಲ್ಲಿ ನಡವಳಿ ಎಂದರೆ ‘ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’ ಎಂಬ ಸಿದ್ಧ ವಾಕ್ಯ. ಸಹಿ ಹಾಕಿದ ಖಾಲಿ ಹಾಳೆಯ ಮೇಲೆ ಆಮೇಲೆ ನಿರ್ಣಯ ಬರೆದುಕೊಳ್ಳುವ ಅಭ್ಯಾಸವೂ ಇಲ್ಲದಿಲ್ಲ. ಪರಿಸರ ಅಹವಾಲು ಸಭೆಯ ನಿಯಮದಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ಇದೆ: ನಡವಳಿಯ ಸಾರಾಂಶವನ್ನು ಸಭೆಯ ಕೊನೆಯಲ್ಲಿ, ಜನ ಎದ್ದುಹೋಗುವ ಮೊದಲು, ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಸಹಿ ಮಾಡಬೇಕು. ಊರಿನ ಚರ್ಚೆಗೂ ಇದೇ ಕ್ರಮವನ್ನು ತರಬಹುದು. ಬರೆಯುವಾಗ ಮೂರು ಭಾಗವಾದರೂ ಇರಲಿ: ಎಲ್ಲರೂ ಒಪ್ಪಿದ್ದು; ಒಪ್ಪದೆ ಉಳಿದದ್ದು, ಎರಡೂ ಕಡೆಯ ಕಾರಣಗಳೊಂದಿಗೆ; ಇನ್ನೂ ತಿಳಿದುಕೊಳ್ಳಬೇಕಾದದ್ದು, ಅದನ್ನು ಯಾರು ಯಾವ ದಿನಾಂಕದೊಳಗೆ ತಿಳಿದುಕೊಂಡು ಬರುತ್ತಾರೆ ಎಂಬುದರೊಂದಿಗೆ. ನಮ್ಮ ಊಹೆಯ ಊರಿನಲ್ಲಿ ಮೊದಲ ಭಾಗ ಹೀಗಿರಬಹುದು: ಕಾಲೊನಿಗೆ ಬೇರೆ ಕಡೆಯ ಬಾವಿಯಿಂದ ನೀರಿನ ಸಂಪರ್ಕವನ್ನು ಪಂಚಾಯಿತಿ ಕೂಡಲೇ ಕೊಡಬೇಕು, ಬಡಾವಣೆಗಳ ಮೇಲೆ ಶುದ್ಧೀಕರಣ ಘಟಕಕ್ಕಾಗಿ ಒತ್ತಡ ತರಬೇಕು. ಎರಡನೆಯ ಭಾಗ: ಘಟಕ ಆಗುವವರೆಗೆ ಕೊಳಚೆಯನ್ನು ಕೆರೆಗೆ ಬಿಡಬಾರದೆಂದು ಕಾಲೊನಿಯವರು ಮತ್ತು ಮೀನಿನವರು, ಪೂರ್ತಿ ನಿಲ್ಲಿಸಿದರೆ ಮೇವಿಗೆ ನೀರಿಲ್ಲವೆಂದು ಅಚ್ಚುಕಟ್ಟಿನವರು. ಇದನ್ನು ಓದಿದ ತಹಶೀಲ್ದಾರರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ‘ಗ್ರಾಮಸ್ಥರ ವಿರೋಧ’ ಎಂಬ ಪದ ಕೊಡಲಾರದ ತಿಳಿವಳಿಕೆ ಸಿಗುತ್ತದೆ. ವಿಶೇಷ ಗ್ರಾಮಸಭೆಗೆ ಕೊಂಡೊಯ್ಯಬೇಕಾದದ್ದೂ ಈ ಹಾಳೆಯೇ.

ಅದರ ಒಂದು ಪ್ರತಿಯನ್ನು ಡೇರಿಯ ಗೋಡೆಗೆ ಅಂಟಿಸಬೇಕು. ಹಾಲು ಹಾಕಲು ಬಂದವರು ಸಾಲಿನಲ್ಲಿ ನಿಂತಿರುವಾಗ ಓದು ಬಲ್ಲ ಹುಡುಗಿಯೊಬ್ಬಳಿಂದ ಗಟ್ಟಿಯಾಗಿ ಓದಿಸಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ‘ನಾನು ಹಂಗಂದಿಲ್ಲ, ಹಿಂಗಂದಿದ್ದು’ ಎಂದು ಯಾರಾದರೂ ತಿದ್ದಿದರೆ, ಅಲ್ಲೇ ಪೆನ್ನು ತೆಗೆದು ತಿದ್ದಿ, ದಿನಾಂಕ ಹಾಕಿ, ಅವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆದುಕೊಳ್ಳಬೇಕು.